ಸಿಗ್ನಲ್ ಪ್ರೊಸೆಸಿಂಗ್ ಕೋಡಿನಲ್ಲಿರುವ ಹ್ಯಾಕ್‌ಗಳನ್ನು ಬಿಚ್ಚುವುದು ಹೇಗೆ: ಓಪನ್ ಸೋರ್ಸ್ ಕೆಲಸಕ್ಕೊಂದು ಸಮಗ್ರ ಮಾರ್ಗದರ್ಶಿ

ಒಂದು ರೇಡಿಯೋ ರಿಸೀವರ್ ಪ್ರಾಜೆಕ್ಟ್‌ನ ಕೋಡಿನಲ್ಲಿ 239941 ಎಂಬ ಸಂಖ್ಯೆ ಇತ್ತು. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಸಿಗ್ನಲ್‌ನ ಎಷ್ಟು ಅಳತೆ ಎಂಬುದು ಇರಬೇಕಾದ ಜಾಗದಲ್ಲಿ, ಪಕ್ಕದಲ್ಲಿ ಒಂದು ಕಾಮೆಂಟೂ ಇಲ್ಲದೆ. ಡಿವೈಸ್ ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ಕೊಡುತ್ತಿತ್ತು. ಕೋಡ್ ಅದರಲ್ಲಿ ಹತ್ತಕ್ಕೆ ಒಂದನ್ನು ಇಟ್ಟುಕೊಳ್ಳುತ್ತಿತ್ತು. ಅಂದಮೇಲೆ 240000 ಇರಬೇಕು ಅಲ್ವಾ? ಯಾರೋ ಕೈತಪ್ಪಿ ಬರೆದಿದ್ದಾರೆ ಅಂದುಕೊಂಡು ತಿದ್ದಿದೆ. ಹತ್ತು ನಿಮಿಷ ಓಡಿಸಿ ಕೇಳಿದೆ, ಚೆನ್ನಾಗಿತ್ತು. ಪ್ಯಾಚ್ ಮರ್ಜ್ ಕೂಡ ಆಯಿತು. ಎರಡು ದಿನಕ್ಕೆ ದೂರು ಬಂತು: ಅರ್ಧ ಗಂಟೆ ಆದಮೇಲೆ ಆಡಿಯೋ ತುಂಡು ತುಂಡಾಗುತ್ತಿದೆ. ನನ್ನ ಪ್ಯಾಚನ್ನು ವಾಪಸ್ ತೆಗೆದರು.

ಲೆಕ್ಕವನ್ನು ಆಮೇಲೆ ಹಾಕಿದೆ, ಮೊದಲೇ ಹಾಕಬೇಕಿತ್ತು. ಡಿವೈಸ್‌ನಿಂದ ಒಂದೊಂದು ಸಲಕ್ಕೆ 16384 ಸ್ಯಾಂಪಲ್‌ನ ಒಂದು ಬ್ಲಾಕ್ ಬರುತ್ತಿತ್ತು. ಅದನ್ನು 10ರಿಂದ ಭಾಗಿಸಿದರೆ 1638 ಬರುತ್ತದೆ, 4 ಉಳಿಯುತ್ತದೆ. ಆ ನಾಲ್ಕನ್ನು ಕೋಡ್ ಪ್ರತಿ ಸಲ ಎಸೆಯುತ್ತಿತ್ತು. ಸೆಕೆಂಡಿಗೆ ಸುಮಾರು 146.48 ಬ್ಲಾಕ್, ಬ್ಲಾಕಿಗೆ 1638 ಸ್ಯಾಂಪಲ್. ಗುಣಿಸಿ ನೋಡಿ, ಸರಿಯಾಗಿ 239941 ಬರುತ್ತದೆ. ಅಂದರೆ ಆ ಸಂಖ್ಯೆ ಬರೆದವರು ನಿಜವಾಗಿ ಹರಿದುಬರುವ ರೇಟನ್ನು ಅಳೆದು ಹಾಕಿದ್ದರು. ತಪ್ಪಿದ್ದದ್ದು ಡೆಸಿಮೇಟರ್‌ನಲ್ಲಿ, ಅಂದರೆ ಹತ್ತಕ್ಕೆ ಒಂದನ್ನು ಇಟ್ಟುಕೊಳ್ಳುವ ಭಾಗದಲ್ಲಿ. ನಾನು ಗಾಯವನ್ನು ಹಾಗೇ ಬಿಟ್ಟು ಮೇಲಿನ ಬಟ್ಟೆ ಬಿಚ್ಚಿದ್ದೆ. 240000 ಎಂದು ನಂಬಿದ ಕೋಡಿಗೆ ಸೆಕೆಂಡಿಗೆ 59 ಸ್ಯಾಂಪಲ್ ಕಡಿಮೆ ಬೀಳುತ್ತಿತ್ತು. ಅರ್ಧ ಸೆಕೆಂಡಿನ ಆಡಿಯೋ ಬಫರ್ (ಮುಂಚೆಯೇ ತುಂಬಿಟ್ಟ ದಾಸ್ತಾನು) ಈ ಲೆಕ್ಕದಲ್ಲಿ ಖಾಲಿಯಾಗಲು ಸುಮಾರು 34 ನಿಮಿಷ ಬೇಕು. ನನ್ನ ಹತ್ತು ನಿಮಿಷದ ಪರೀಕ್ಷೆಗೆ ಅದು ಸಿಗುವ ಮಾತೇ ಇರಲಿಲ್ಲ.

ಸಿಗ್ನಲ್ ಪ್ರೊಸೆಸಿಂಗ್ ಕೋಡಿನ ಸ್ವಭಾವವೇ ಇದು. ವೆಬ್ ಕೋಡಿನಲ್ಲಿ ತಪ್ಪಿದರೆ ಪುಟ ಒಡೆಯುತ್ತದೆ, ಕಣ್ಣಿಗೆ ಕಾಣುತ್ತದೆ. ಇಲ್ಲಿ ತಪ್ಪಿದರೂ ಏನೋ ಒಂದು ಶಬ್ದ ಬರುತ್ತಲೇ ಇರುತ್ತದೆ. ಹಾಗಾಗಿ ಹ್ಯಾಕ್‌ಗಳು, ಅಂದರೆ ಮೂಲ ತಪ್ಪನ್ನು ಬಿಟ್ಟು ಮೇಲೆ ಹಾಕಿದ ತೇಪೆಗಳು, ಜಾಸ್ತಿ, ಅವು ಬದುಕುವ ಕಾಲವೂ ಜಾಸ್ತಿ. ಅವನ್ನು ಒಂದೊಂದಾಗಿ ಬಿಚ್ಚಲು ನಾನು ಈಗ ಅನುಸರಿಸುವ ದಾರಿ ಹೀಗಿದೆ.

ಕೈ ಹಾಕುವ ಮೊದಲು ಸಾಕ್ಷಿ ಇಟ್ಟುಕೊಳ್ಳಿ

ಪ್ರಾಜೆಕ್ಟನ್ನು ಇದ್ದ ಹಾಗೇ ಬಿಲ್ಡ್ ಮಾಡಿ, ಓಡಿಸಿ. ಒಂದು ಸಾಲನ್ನೂ ಬದಲಿಸಬೇಡಿ. ಕೊಳಕು ಕೋಡ್ ಈಗ ಏನು ಕೊಡುತ್ತಿದೆಯೋ ಅದನ್ನೇ ಫೈಲಿಗೆ ಬರೆದು ತೆಗೆದಿಡಿ. ಅದು ಸರಿ ಉತ್ತರವೇ ಆಗಿರಬೇಕಿಲ್ಲ. ನೀವು ಏನನ್ನು ಬದಲಿಸಿದಿರಿ ಎಂದು ಹೇಳಬಲ್ಲ ಉತ್ತರವಾದರೆ ಸಾಕು.

ಇನ್‌ಪುಟ್‌ಗೆ ಆರೇಳು ಚಿಕ್ಕ ಸಿಗ್ನಲ್‌ಗಳು ಸಾಕು. ಮೊದಲನೆಯದು ಇಂಪಲ್ಸ್, ಅಂದರೆ ಒಂದೇ ಒಂದು ಸ್ಯಾಂಪಲ್ 1, ಉಳಿದದ್ದೆಲ್ಲ ಸೊನ್ನೆ. ಎಫ್‌ಐಆರ್ ಫಿಲ್ಟರ್ ಅಂದರೆ ಇನ್‌ಪುಟ್‌ನ ಕೆಲವು ಸ್ಯಾಂಪಲ್‌ಗಳನ್ನು ಕೋಎಫಿಷಿಯಂಟ್ ಎಂಬ ಸ್ಥಿರ ಸಂಖ್ಯೆಗಳಿಂದ ಗುಣಿಸಿ ಕೂಡಿಸುವಂಥದ್ದು. ಅದಕ್ಕೆ ಇಂಪಲ್ಸ್ ಕೊಟ್ಟರೆ ಔಟ್‌ಪುಟ್‌ನಲ್ಲಿ ಅದರ ಕೋಎಫಿಷಿಯಂಟ್‌ಗಳೇ ಸಾಲಾಗಿ ಬರುತ್ತವೆ. ಕೋಡ್ ಓದದೆಯೇ ಫಿಲ್ಟರ್ ಏನೆಂದು ಗೊತ್ತಾಗುತ್ತದೆ. ಎರಡನೆಯದು ಒಂದೇ ಫ್ರೀಕ್ವೆನ್ಸಿಯ ಟೋನ್. ಮೂರನೆಯದು ಬಿಳಿ ನಾಯ್ಸ್. ಅದರ ಸೀಡ್ (ರ‍್ಯಾಂಡಮ್ ಸಂಖ್ಯೆಗಳು ಶುರುವಾಗುವ ಬೆಲೆ) ಮಾತ್ರ ಪ್ರತಿ ಸಲ ಒಂದೇ ಇರಲಿ. ನಾಲ್ಕನೆಯದು ಪೂರ್ತಿ ಮೌನ. ಐದನೆಯದು ಒಂದು ಸೆಕೆಂಡ್ ಶಬ್ದ, ಆಮೇಲೆ ಹತ್ತು ಸೆಕೆಂಡ್ ಮೌನ. ಇದು ಯಾಕೆ ಬೇಕೆಂದು ಮುಂದೆ ಬರುತ್ತದೆ. ಆರನೆಯದು ಮಿತಿಯ ತುದಿ ಮುಟ್ಟುವ ಸ್ಕ್ವೇರ್ ವೇವ್. ಇವುಗಳ ಜೊತೆಗೆ ನಿಜವಾದ ಒಂದು ರೆಕಾರ್ಡಿಂಗ್ ಇರಲಿ. ಅದನ್ನು ಚಿಕ್ಕದಾಗಿ ಕತ್ತರಿಸಿ. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್, ಪ್ರತಿ ಸ್ಯಾಂಪಲ್‌ನ ಎರಡು ಭಾಗಗಳಾದ ಐ ಮತ್ತು ಕ್ಯೂ ಎರಡೂ 8 ಬಿಟ್ ಅಂದರೆ ಸೆಕೆಂಡಿಗೆ 48 ಲಕ್ಷ ಬೈಟ್. ಅರ್ಧ ನಿಮಿಷದ ಫೈಲನ್ನು ರೆಪೊಸಿಟರಿಗೆ ತುರುಕಿದರೆ ಮೇಂಟೇನರ್ ಬೈಯುತ್ತಾರೆ, ಬೈಯಬೇಕು ಕೂಡ. ರೆಕಾರ್ಡಿಂಗ್ ಜೊತೆ ಸಿಗ್‌ಎಮ್‌ಎಫ್ ಮಾದರಿಯ ಮಾಹಿತಿ ಫೈಲ್ ಒಂದಿರಲಿ. ಸ್ಯಾಂಪಲ್ ರೇಟ್, ಮಧ್ಯದ ಫ್ರೀಕ್ವೆನ್ಸಿ, ಡೇಟಾ ಯಾವ ಬಗೆಯದು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಎರಡು ವರ್ಷ ಬಿಟ್ಟು ಬಂದವರು ಇದು ಎಂಥ ಫೈಲ್ ಅಂತ ಊಹಿಸಬೇಕಾಗಿಲ್ಲ.

ಹೋಲಿಸುವಾಗ ಒಂದು ಎಚ್ಚರಿಕೆ. ಬಿಟ್‌ಗೆ ಬಿಟ್ ಹೊಂದಲೇಬೇಕು ಎಂದು ಹಟ ಮಾಡಬೇಡಿ. ಫ್ಲೋಟ್ (ದಶಾಂಶ ಸಂಖ್ಯೆ) ಕೂಡುವಿಕೆಯಲ್ಲಿ ಕ್ರಮ ಬದಲಾದರೆ ಕೊನೆಯ ಬಿಟ್‌ಗಳು ಬದಲಾಗುತ್ತವೆ. ಅದು ತಪ್ಪಲ್ಲ. ಹಳೆಯ ಮತ್ತು ಹೊಸ ಔಟ್‌ಪುಟ್‌ಗಳ ವ್ಯತ್ಯಾಸ ತೆಗೆಯಿರಿ. ಆ ವ್ಯತ್ಯಾಸದ ಎನರ್ಜಿಯನ್ನು ಸಿಗ್ನಲ್‌ನ ಎನರ್ಜಿಗೆ ಹೋಲಿಸಿ ಡೆಸಿಬಲ್‌ನಲ್ಲಿ ಬರೆಯಿರಿ. 32 ಬಿಟ್ ಫ್ಲೋಟ್‌ನಲ್ಲಿ −100 ಡೆಸಿಬಲ್‌ಗಿಂತ ಕೆಳಗಿದ್ದರೆ ನಾನು ಒಪ್ಪುತ್ತೇನೆ. −60 ಬಂದರೆ ಎಲ್ಲೋ ಏನೋ ನಿಜವಾಗಿ ಬದಲಾಗಿದೆ. +3 ಬಂದರೆ ಗಾಬರಿ ಬೇಡ. ಹೆಚ್ಚಿನ ಸಲ ಒಂದೆರಡು ಸ್ಯಾಂಪಲ್ ಹಿಂದೆಮುಂದೆ ಆಗಿರುತ್ತದೆ, ಅಷ್ಟೇ. ಸಾಲು ಹೊಂದಿಸಿ ಮತ್ತೆ ಹೋಲಿಸಿ.

ಹ್ಯಾಕ್‌ಗಳ ಪಟ್ಟಿ ಮಾಡಿ

ಕೋಡಿನಲ್ಲಿ ಹ್ಯಾಕ್, ಟುಡೂ, ಫಿಕ್ಸ್‌ಮಿ ಎಂದು ಹುಡುಕಿದರೆ ಕೆಲವು ಸಿಗುತ್ತವೆ. ಅವು ಒಳ್ಳೆಯವು, ತಪ್ಪೊಪ್ಪಿಕೊಂಡಿವೆ. ಒಪ್ಪಿಕೊಳ್ಳದವೇ ಜಾಸ್ತಿ. ವಿವರಣೆ ಇಲ್ಲದ ದಶಾಂಶ ಸಂಖ್ಯೆ, ಲೂಪ್ ಮಧ್ಯೆ ನಿದ್ದೆ ಮಾಡಿಸುವ ಸಾಲು, ಮೊದಲ ನೂರು ಸ್ಯಾಂಪಲ್ ಎಸೆಯುವ ಸಾಲು, ಬಫರಿಗೆ ಕಾರಣವಿಲ್ಲದೆ ಸೇರಿಸಿದ 64, ಎರಡು ಸಲ ಕರೆದ ರೀಸೆಟ್ ಫಂಕ್ಷನ್. ಇವನ್ನೆಲ್ಲ ಒಂದು ಫೈಲಿನಲ್ಲಿ ಬರೆದುಕೊಳ್ಳಿ.

ಪ್ರತಿಯೊಂದಕ್ಕೂ ಗಿಟ್ ಬ್ಲೇಮ್ ಹಾಕಿ, ಆ ಸಾಲನ್ನು ಯಾರು ಯಾವಾಗ ಬರೆದರು ಎಂದು ಅದು ಹೇಳುತ್ತದೆ. ಗಿಟ್ ಲಾಗ್‌ನಲ್ಲಿ ದೊಡ್ಡಕ್ಷರದ ಎಸ್ ಆಯ್ಕೆ ಇದೆ. ಒಂದು ತುಣುಕು ಕೋಡಿಗೆ ಯಾವ ಕಮಿಟ್‌ನಲ್ಲಿ ಬಂತು, ಯಾವುದರಲ್ಲಿ ಹೋಯಿತು ಎಂದು ಅದು ತೋರಿಸುತ್ತದೆ. ಕಮಿಟ್‌ನ ಮೆಸೇಜ್ ಬರೀ "ಫಿಕ್ಸ್" ಅಂತಿದ್ದರೂ, ಅದೇ ದಿನ ಬೇರೆ ಏನು ಬದಲಾಯಿತು ಎನ್ನುವುದು ಸುಳಿವು ಕೊಡುತ್ತದೆ. ಹಳೆಯ ಬಗ್ ವರದಿಗಳನ್ನೂ ಒಮ್ಮೆ ತಡಕಾಡಿ. 239941ರ ಕಥೆ ಅಲ್ಲೇ ಇತ್ತು, ಆಡಿಯೋ ಬಫರ್ ಖಾಲಿಯಾಗುತ್ತಿದೆ ಎಂಬ ಹಳೆಯ ದೂರಿನ ಕೆಳಗೆ. ನಾನು ನೋಡಿರಲಿಲ್ಲ.

ಈಗ ಪಟ್ಟಿಯ ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ಇದನ್ನು ತೆಗೆದರೆ ಯಾವ ಸಿಗ್ನಲ್ ಕೆಡುತ್ತದೆ? ಉತ್ತರ ಗೊತ್ತಿಲ್ಲದಿದ್ದರೆ ತೆಗೆದು ನೋಡಿ, ಸಾಕ್ಷಿ ಫೈಲುಗಳ ಜೊತೆ ಹೋಲಿಸಿ. ಯಾವುದೂ ಕೆಡದಿದ್ದರೆ ಎರಡರಲ್ಲಿ ಒಂದು. ಹ್ಯಾಕ್ ನಿಜವಾಗಿಯೂ ಸತ್ತಿದೆ, ಅಥವಾ ನಿಮ್ಮ ಸಾಕ್ಷಿ ಸಾಲದು. ಎರಡನೆಯದನ್ನೇ ಮೊದಲು ಅನುಮಾನಿಸಿ.

ಅಂದಹಾಗೆ, ಇಂಡೆಂಟ್ ಸರಿ ಮಾಡುವುದು, ಹೆಸರು ಬದಲಿಸುವುದು ಇವೆಲ್ಲ ಬೇರೆ ಕಮಿಟ್‌ನಲ್ಲಿ ಇರಲಿ. ಕ್ಲ್ಯಾಂಗ್ ಫಾರ್ಮ್ಯಾಟ್ ಓಡಿಸಿದ ಕಮಿಟ್‌ನೊಳಗೆ ಒಂದು ಪ್ಲಸ್ ಚಿಹ್ನೆ ಮೈನಸ್ ಆಗಿದ್ದರೆ ಯಾವ ದೇವರಿಗೂ ಕಾಣುವುದಿಲ್ಲ.

ಹೆಸರಿಲ್ಲದ ಸಂಖ್ಯೆಗಳು

ಮಾಮೂಲಿ ಸಲಹೆ ಏನೆಂದರೆ, ಸಂಖ್ಯೆಗೆ ಹೆಸರು ಕೊಡಿ. ಇಲ್ಲಿ ಅದು ಅರ್ಧ ಕೆಲಸ. ಸಂಖ್ಯೆ ಎಲ್ಲಿಂದ ಹುಟ್ಟಿತು ಎಂದು ಕಂಡುಹಿಡಿದು, ಅದು ಅಲ್ಲಿಂದಲೇ ಹುಟ್ಟುವ ಹಾಗೆ ಮಾಡಬೇಕು.

ಒಂದು ಉದಾಹರಣೆ. ಎಫ್‌ಎಮ್ ರಿಸೀವರ್ ಒಂದರಲ್ಲಿ ಆಡಿಯೋ ಹೊರಗೆ ಹೋಗುವ ಮುಂಚೆ ಒಂದು ಸಾಲು ಇದೆ ಎಂದುಕೊಳ್ಳಿ. ಹಳೆಯ ಬೆಲೆಗೆ, ಹೊಸದಕ್ಕೂ ಹಳೆಯದಕ್ಕೂ ಇರುವ ವ್ಯತ್ಯಾಸದ 0.2425ರಷ್ಟನ್ನು ಕೂಡಿಸು. ಏನಿದು 0.2425? ಸಾಲಿನ ಆಕಾರ ನೋಡಿದರೆ ಒಂದು ಪೋಲ್‌ನ ಲೋ ಪಾಸ್ ಫಿಲ್ಟರ್, ಅಂದರೆ ಹೆಚ್ಚಿನ ಫ್ರೀಕ್ವೆನ್ಸಿಗಳನ್ನು ತಗ್ಗಿಸುವ ಸರಳ ಫಿಲ್ಟರ್. ಅಂಥ ಫಿಲ್ಟರಿನಲ್ಲಿ 1ರಿಂದ ಈ ಸಂಖ್ಯೆ ಕಳೆದರೆ 0.7575. ಅದರ ನ್ಯಾಚುರಲ್ ಲಾಗ್ ಸುಮಾರು −0.2777. ಆಡಿಯೋ ರೇಟ್ 48000. ಒಂದನ್ನು 0.2777 ಮತ್ತು 48000ರ ಗುಣಲಬ್ಧದಿಂದ ಭಾಗಿಸಿದರೆ 75 ಮೈಕ್ರೋಸೆಕೆಂಡ್ ಬರುತ್ತದೆ. ಗುಟ್ಟು ಬಯಲಾಯಿತು. ಇದು ಎಫ್‌ಎಮ್ ಪ್ರಸಾರದ ಡಿ-ಎಂಫಸಿಸ್ (ಪ್ರಸಾರ ಮಾಡುವಾಗ ಎತ್ತಿದ ಹೆಚ್ಚಿನ ಫ್ರೀಕ್ವೆನ್ಸಿಗಳನ್ನು ಮತ್ತೆ ಇಳಿಸುವ ಹಂತ), ಅದೂ ಉತ್ತರ ಅಮೆರಿಕದ ಲೆಕ್ಕದ್ದು. ಯುರೋಪಿನಲ್ಲಿ 50 ಮೈಕ್ರೋಸೆಕೆಂಡ್, ಅಲ್ಲಿಗೆ ಈ ಸಂಖ್ಯೆ 0.3408 ಆಗಬೇಕು. ಈ ಪ್ರೋಗ್ರಾಂ ಯುರೋಪಿನಲ್ಲಿ ಬಳಸಿದರೆ ದನಿ ಮಂಕಾಗಿ ಕೇಳುತ್ತದೆ. ಅದಕ್ಕೆ ಯಾರಾದರೂ ಮುಂದೆ ಒಂದು ಟ್ರೆಬಲ್ ಹೆಚ್ಚಿಸುವ ಹ್ಯಾಕ್ ಹಾಕಿದ್ದರೂ ಆಶ್ಚರ್ಯವಿಲ್ಲ. ತಿದ್ದುಪಡಿ ಏನು ಅಂದರೆ, ಫಂಕ್ಷನ್ ಮೈಕ್ರೋಸೆಕೆಂಡ್ ಮತ್ತು ಸ್ಯಾಂಪಲ್ ರೇಟ್ ಎರಡನ್ನೂ ತೆಗೆದುಕೊಂಡು ಈ ಸಂಖ್ಯೆಯನ್ನು ತಾನೇ ಲೆಕ್ಕ ಹಾಕಲಿ. ಮೊದಲ ಕಮಿಟ್‌ನಲ್ಲಿ 75, 48000 ಕೊಟ್ಟು ಔಟ್‌ಪುಟ್ ಬದಲಾಗಿಲ್ಲವೆಂದು ತೋರಿಸಿ. ಬೇರೆ ಬೆಲೆ ಕೊಡುವ ಸೌಲಭ್ಯ ಎರಡನೆಯ ಕಮಿಟ್.

ಇನ್ನೆರಡು ಸಂಖ್ಯೆಗಳು ಎಲ್ಲೆಲ್ಲೂ ಸಿಗುತ್ತವೆ. ಆರ್‌ಟಿಎಲ್ ಚಿಪ್‌ನ ಅಗ್ಗದ ರಿಸೀವರ್‌ಗಳು 0ಯಿಂದ 255ರವರೆಗಿನ ಬೈಟ್ ಕೊಡುತ್ತವೆ. ನಡು ಬಿಂದು 127.5. ಕೋಡಿನಲ್ಲಿ 127, 127.4, 128 ಎಲ್ಲವೂ ಇರುತ್ತದೆ, ಕೆಲವೊಮ್ಮೆ ಒಂದೇ ಪ್ರಾಜೆಕ್ಟಿನ ಎರಡು ಫೈಲುಗಳಲ್ಲಿ ಬೇರೆ ಬೇರೆ. ಅರ್ಧ ಹೆಜ್ಜೆಯ ತಪ್ಪು ಅಂದರೆ ಸುಮಾರು −48 ಡೆಸಿಬಲ್‌ನ ಡಿಸಿ, ಅಂದರೆ ಬದಲಾಗದೆ ಕೂರುವ ಸ್ಥಿರ ಬೆಲೆ. ಎಫ್‌ಎಮ್ ಅದನ್ನು ಹೆಚ್ಚು ಗಮನಿಸುವುದಿಲ್ಲ. ಸ್ಪೆಕ್ಟ್ರಮ್‌ನ ನಡುವೆ ಮಾತ್ರ ಮೊಳೆ ಹೊಡೆದ ಹಾಗೆ ಒಂದು ಗೆರೆ ನಿಲ್ಲುತ್ತದೆ. ಇನ್ನೊಂದು ಸಂಖ್ಯೆ 32768. ಫ್ಲೋಟ್ 1.0ನ್ನು ಅದರಿಂದ ಗುಣಿಸಿ 16 ಬಿಟ್‌ಗೆ ಹಾಕಿದರೆ ಹಿಡಿಸುವುದಿಲ್ಲ, ಗರಿಷ್ಠ ಇರುವುದು 32767. ಸುತ್ತು ಹೊಡೆದು −32768 ಆಗಿಬಿಟ್ಟರೆ ಸ್ಪೀಕರ್‌ನಲ್ಲಿ ಪಟ್ ಅಂತ ಶಬ್ದ. ಅದಕ್ಕೆ ಹೆದರಿ ಯಾರೋ 32000 ಬರೆದಿರುತ್ತಾರೆ. ಆ 32000 ತೆಗೆಯುವ ಮೊದಲು ಮಿತಿಯಲ್ಲಿ ಕತ್ತರಿಸುವ ಸಾಲು ಇದೆಯೇ ನೋಡಿ.

ಬ್ಲಾಕಿನ ಅಂಚು

ನೂರು ಹ್ಯಾಕ್‌ಗಳಲ್ಲಿ ಅರ್ಧದಷ್ಟು ಇಲ್ಲೇ ಹುಟ್ಟುತ್ತವೆ ಎಂದು ನನ್ನ ಅನಿಸಿಕೆ. ಸಿಗ್ನಲ್ ಹರಿಯುವ ನೀರು. ಪ್ರೋಗ್ರಾಂಗೆ ಅದು ಬಿಂದಿಗೆ ಬಿಂದಿಗೆಯಾಗಿ ಬರುತ್ತದೆ. ಬರೆದವರು ಒಂದು ಬಿಂದಿಗೆಗೆ ಸರಿಯಾಗಿ ಬರೆದಿರುತ್ತಾರೆ, ಎರಡರ ನಡುವಿನ ಸಂದಿ ಮರೆತಿರುತ್ತಾರೆ.

ಫಿಲ್ಟರಿಗೆ ಹಿಂದಿನ ಸ್ಯಾಂಪಲ್‌ಗಳು ಬೇಕು. ಎಫ್‌ಎಮ್ ಬಿಡಿಸುವಾಗ ಈಗಿನ ಸ್ಯಾಂಪಲ್ ಮತ್ತು ಹಿಂದಿನದರ ಫೇಸ್ (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬ ಕೋನ) ವ್ಯತ್ಯಾಸ ಬೇಕು. ಡೆಸಿಮೇಟರಿಗೆ ಎಲ್ಲಿಗೆ ಎಣಿಕೆ ನಿಂತಿತ್ತು ಎಂಬ ನೆನಪು ಬೇಕು. ಪ್ರತಿ ಬ್ಲಾಕಿನ ಆರಂಭದಲ್ಲಿ ಇವೆಲ್ಲ ಸೊನ್ನೆಯಾದರೆ ಅಂಚಿನಲ್ಲಿ ಒಂದು ಚಿಕ್ಕ ತಪ್ಪು. ಬ್ಲಾಕ್‌ಗಳು ಸೆಕೆಂಡಿಗೆ 146 ಸಲ ಬಂದರೆ ಆ ತಪ್ಪು 146 ಹರ್ಟ್ಸ್‌ನ ಗುಂಯ್ ಆಗುತ್ತದೆ. ಕೇಳಿದವರು ಕರೆಂಟ್‌ನ ಹಮ್ ಇರಬೇಕು ಎಂದು ಒಂದೇ ಫ್ರೀಕ್ವೆನ್ಸಿಯನ್ನು ಕತ್ತರಿಸುವ ನಾಚ್ ಫಿಲ್ಟರ್ ಹಾಕುತ್ತಾರೆ. ಹ್ಯಾಕ್ ಹುಟ್ಟಿತು. ಕರೆಂಟ್‌ನದ್ದು 50 ಅಥವಾ 60 ಹರ್ಟ್ಸ್ ಮತ್ತು ಅದರ ಮಡಿಗಳು. ಈ ಲೆಕ್ಕಕ್ಕೆ ಸೇರದ ಗುಂಯ್ ಕೇಳಿದರೆ ಮೊದಲು ಸ್ಯಾಂಪಲ್ ರೇಟನ್ನು ಬ್ಲಾಕ್ ಗಾತ್ರದಿಂದ ಭಾಗಿಸಿ ನೋಡಿ.

ಪರೀಕ್ಷೆ ತುಂಬ ಸುಲಭ. ಒಂದೇ ಸಿಗ್ನಲ್ಲನ್ನು ಒಂದು ಸಲ ಇಡಿಯಾಗಿ ಕೊಡಿ. ಆಮೇಲೆ 1024ರ ತುಂಡುಗಳಾಗಿ, 7ರ ತುಂಡುಗಳಾಗಿ, ಕೊನೆಗೆ ಒಂದೊಂದೇ ಸ್ಯಾಂಪಲ್ ಆಗಿ. ಔಟ್‌ಪುಟ್ ನಾಲ್ಕೂ ಸಲ ಒಂದೇ ಇರಬೇಕು, ಉದ್ದವೂ ಸೇರಿ. 7 ಯಾಕೆ ಅಂದರೆ ಅದು ಎರಡರ ಘಾತವೂ ಅಲ್ಲ, 10ನ್ನು ಸರಿಯಾಗಿ ಭಾಗಿಸುವುದೂ ಇಲ್ಲ. ಸಂದಿಯಲ್ಲಿ ಏನೇ ಇದ್ದರೂ ಹೊರಗೆ ಬರುತ್ತದೆ. ನನ್ನ ಕೈಯಲ್ಲಿ ಒಂದೇ ಒಂದು ಟೆಸ್ಟ್ ಬರೆಯಲು ಸಮಯವಿದ್ದರೆ ಇದನ್ನೇ ಬರೆಯುತ್ತೇನೆ.

ತಿದ್ದುವುದು ಹೀಗೆ. ಪ್ರತಿ ಹಂತವನ್ನೂ ಒಂದು ಚಿಕ್ಕ ಆಬ್ಜೆಕ್ಟ್ ಮಾಡಿ. ಅದರ ನೆನಪು ಅದರೊಳಗೇ ಇರಲಿ. ಫಂಕ್ಷನ್ ಒಳಗಿನ ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ ಬೇಡ, ಗ್ಲೋಬಲ್‌ನಲ್ಲಂತೂ ಬೇಡವೇ ಬೇಡ. ಸ್ಟ್ಯಾಟಿಕ್ ಇಟ್ಟರೆ ಒಂದು ಚಾನೆಲ್ ಇರುವವರೆಗೆ ಎಲ್ಲ ಸರಿ. ಸ್ಟೀರಿಯೋ ಮಾಡಿದ ದಿನ ಎಡಗಿವಿಯ ನೆನಪು ಬಲಗಿವಿಗೆ ಹೋಗುತ್ತದೆ. ಪೈಥಾನ್‌ನ ಸೈಪೈ ಲೈಬ್ರರಿ ಬಳಸುವ ಪ್ರಾಜೆಕ್ಟ್ ಆದರೆ ಎಲ್‌ಫಿಲ್ಟರ್ ಫಂಕ್ಷನ್ ಆರಂಭದ ಸ್ಥಿತಿಯನ್ನು ತೆಗೆದುಕೊಂಡು ಕೊನೆಯ ಸ್ಥಿತಿಯನ್ನು ವಾಪಸ್ ಕೊಡಬಲ್ಲದು. ಆ ಆರ್ಗ್ಯುಮೆಂಟನ್ನು ಯಾರೂ ಕೊಟ್ಟಿರುವುದಿಲ್ಲ, ಅಷ್ಟೇ ಸಮಸ್ಯೆ. ಡೆಸಿಮೇಟರ್ ಉಳಿಕೆಯನ್ನು ಮುಂದಿನ ಬ್ಲಾಕಿಗೆ ಒಯ್ಯುವಂತೆ ಮಾಡಿದ ಮೇಲಷ್ಟೇ 239941ನ್ನು 240000 ಮಾಡಿ. ಎರಡೂ ಒಂದೇ ಕಮಿಟ್‌ನಲ್ಲಿ ಹೋಗಬೇಕು. ಒಂದು ಬಿಟ್ಟು ಇನ್ನೊಂದು ಹೋದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ.

ಏಳು ಸೆಕೆಂಡಿಗೆ ನಿಂತುಹೋಗುವ ಎಣಿಕೆ

ಇನ್ನೊಂದು ಹ್ಯಾಕನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರಿಸೀವರ್‌ನಲ್ಲಿ ಸಿಗ್ನಲ್ಲನ್ನು 2 ಲಕ್ಷ ಹರ್ಟ್ಸ್ ಸರಿಸಲು ಒಂದು ಮಿಕ್ಸರ್ ಇದೆ. ಸ್ಯಾಂಪಲ್‌ಗಳ ಎಣಿಕೆಯನ್ನು 32 ಬಿಟ್ ಫ್ಲೋಟ್‌ನಲ್ಲಿ ಇಟ್ಟಿದ್ದಾರೆ. ಮಿಕ್ಸರ್ ಬಳಸುವ ಅಲೆಯ ಕೋನ ಅಂದರೆ ಎಣಿಕೆ ಗುಣಿಸು ಒಂದು ಸ್ಥಿರ ಸಂಖ್ಯೆ. ಕೆಳಗೆ ಒಂದು ಸಾಲು: ಎಣಿಕೆ 2400000 ತಲುಪಿದರೆ ಸೊನ್ನೆ ಮಾಡು. ಕಾಮೆಂಟ್: "ಇದನ್ನು ತೆಗೆಯಬೇಡಿ, ಸ್ಟೇಷನ್ ಹೋಗುತ್ತೆ."

ನಿಜವಾಗಿಯೂ ಹೋಗುತ್ತದೆ. 32 ಬಿಟ್ ಫ್ಲೋಟ್‌ಗೆ ಇರುವುದು 24 ಬಿಟ್‌ಗಳ ನಿಖರತೆ. 16777216ಕ್ಕೆ ಒಂದು ಕೂಡಿಸಿದರೆ ಮತ್ತೆ 16777216 ಬರುತ್ತದೆ. ಸೆಕೆಂಡಿಗೆ 24 ಲಕ್ಷದ ಲೆಕ್ಕದಲ್ಲಿ ಅಲ್ಲಿಗೆ ತಲುಪಲು 7 ಸೆಕೆಂಡ್ ಸಾಕು. ಆಮೇಲೆ ಎಣಿಕೆ ಅಲ್ಲೇ ನಿಲ್ಲುತ್ತದೆ, ಮಿಕ್ಸರ್ ಸರಿಸುವುದನ್ನು ಬಿಡುತ್ತದೆ, ಸ್ಟೇಷನ್ ಮಾಯ. ಅದಕ್ಕೇ ಪ್ರತಿ ಸೆಕೆಂಡಿಗೆ ಸೊನ್ನೆ. ಒಂದು ಸೆಕೆಂಡಿನಲ್ಲಿ 2 ಲಕ್ಷ ಪೂರ್ಣ ಸುತ್ತು ಮುಗಿದಿರುತ್ತದೆ, ಹಾಗಾಗಿ ಜಿಗಿತವೂ ಇಲ್ಲ. ಜಾಣ ಹ್ಯಾಕ್.

ಆಮೇಲೆ ಯಾರೋ ರಿಸೀವರಿನ ಗಡಿಯಾರವಾಗಿರುವ ಕ್ರಿಸ್ಟಲ್‌ನ ತಪ್ಪನ್ನು ಸರಿಪಡಿಸುವ ಸೌಲಭ್ಯ ಸೇರಿಸುತ್ತಾರೆ. ಸರಿಸಬೇಕಾದ ಫ್ರೀಕ್ವೆನ್ಸಿ 200003.5 ಆಯಿತು ಎನ್ನಿ. ಈಗ ಸೆಕೆಂಡಿನ ಕೊನೆಗೆ ಅರ್ಧ ಸುತ್ತು ಬಾಕಿ. ಸೊನ್ನೆ ಮಾಡಿದ ಕೂಡಲೇ ಫೇಸ್ ಅರ್ಧ ಸುತ್ತು ಜಿಗಿಯುತ್ತದೆ. ಸೆಕೆಂಡಿಗೊಮ್ಮೆ ಟಿಕ್, ಗೋಡೆ ಗಡಿಯಾರದ ಹಾಗೆ.

ಇದರೊಳಗೆ ಯಾರೂ ದೂರು ಕೊಡದ ಇನ್ನೊಂದು ತೊಂದರೆಯೂ ಇದೆ. ಸೆಕೆಂಡಿನ ಕೊನೆಯಲ್ಲಿ ಕೋನ ಸುಮಾರು 12.5 ಲಕ್ಷ ರೇಡಿಯನ್ ಆಗಿರುತ್ತದೆ. ಆ ಗಾತ್ರದಲ್ಲಿ ಫ್ಲೋಟ್‌ನ ಒಂದು ಹೆಜ್ಜೆಯೇ 0.125 ರೇಡಿಯನ್. ಅಂದರೆ ಕೋನದಲ್ಲಿ ಮೂರೂವರೆ ಡಿಗ್ರಿವರೆಗೆ ತಪ್ಪು. ಸಿಗ್ನಲ್‌ಗಿಂತ ಸುಮಾರು 29 ಡೆಸಿಬಲ್ ಕೆಳಗೆ ನಾಯ್ಸ್ ಬಂದು ಕೂರುತ್ತದೆ. ಪ್ರತಿ ಸೆಕೆಂಡೂ ಚೊಕ್ಕಟವಾಗಿ ಶುರುವಾಗುತ್ತದೆ, ಕೊನೆಗೆ ಹೋಗುತ್ತ ಕೊಳೆಯಾಗುತ್ತದೆ. ಟೋನ್ ಕೊಟ್ಟು ಸ್ಪೆಕ್ಟ್ರೋಗ್ರಾಂ ನೋಡಿದರೆ ಇದು ಗರಗಸದ ಹಲ್ಲಿನಂತೆ ಕಾಣುತ್ತದೆ.

ಪರಿಹಾರ ಎಣಿಕೆಯನ್ನೇ ಬಿಡುವುದು. ಚಿಹ್ನೆಯಿಲ್ಲದ 32 ಬಿಟ್ ಪೂರ್ಣಾಂಕವೊಂದರಲ್ಲಿ ಫೇಸ್ ಇಡಿ. ಒಂದು ಪೂರ್ತಿ ಸುತ್ತು ಅಂದರೆ 2ರ 32ನೇ ಘಾತ. ಪ್ರತಿ ಸ್ಯಾಂಪಲ್‌ಗೆ ಒಂದು ಹೆಜ್ಜೆ ಕೂಡಿಸಿ. ಉಕ್ಕಿದಾಗ ತಾನಾಗಿ ಸೊನ್ನೆಯ ಕಡೆಯಿಂದ ಮತ್ತೆ ಶುರುವಾಗುತ್ತದೆ. ಸಿ ಭಾಷೆಯಲ್ಲಿ ಚಿಹ್ನೆಯಿಲ್ಲದ ಸಂಖ್ಯೆ ಉಕ್ಕಿದರೆ ಏನಾಗಬೇಕು ಎಂಬುದಕ್ಕೆ ನಿಯಮವಿದೆ. ಚಿಹ್ನೆ ಇರುವ ಸಂಖ್ಯೆಗೆ ಇಲ್ಲ, ಅಲ್ಲಿ ಕಂಪೈಲರ್ ತನಗೆ ತೋಚಿದ್ದು ಮಾಡಬಹುದು. ಆದ್ದರಿಂದ ಕೋಡಿನಲ್ಲಿ ಅನ್‌ಸೈನ್ಡ್ (ಚಿಹ್ನೆಯಿಲ್ಲದ) ಎಂಬ ಪದ ಮರೆಯಬೇಡಿ. 24 ಲಕ್ಷದ ರೇಟ್‌ನಲ್ಲಿ ಫ್ರೀಕ್ವೆನ್ಸಿಯ ಹೆಜ್ಜೆ ಸುಮಾರು 0.00056 ಹರ್ಟ್ಸ್ ಸಿಗುತ್ತದೆ, ಯಾವ ರಿಸೀವರಿಗೂ ಧಾರಾಳ. ಇನ್ನೊಂದು ದಾರಿ, ಒಂದು ಕಾಂಪ್ಲೆಕ್ಸ್ ಸಂಖ್ಯೆಯನ್ನು ತಿರುಗಿಸುತ್ತ ಹೋಗುವುದು. ರೇಡಿಯೋ ಸಿಗ್ನಲ್‌ಗಳಿಗಾಗಿ ಇರುವ ಓಪನ್ ಸೋರ್ಸ್ ಟೂಲ್‌ಕಿಟ್ ಗ್ನೂ ರೇಡಿಯೋದ ರೊಟೇಟರ್ ಹಾಗೇ ಮಾಡುತ್ತದೆ. ಗುಣಿಸುತ್ತ ಹೋದರೆ ಉದ್ದ ಸ್ವಲ್ಪ ಸ್ವಲ್ಪ ಬದಲಾಗುತ್ತದೆ, ಅದಕ್ಕೆ ಆಗಾಗ ಉದ್ದವನ್ನು 1ಕ್ಕೆ ತರುತ್ತದೆ. ಆ ಸಾಲನ್ನು ಕಂಡು ಇದೂ ಹ್ಯಾಕ್ ಅಂತ ಅಳಿಸಬೇಡಿ, ದಯವಿಟ್ಟು.

ಎಫ್‌ಎಫ್‌ಟಿ ಸುತ್ತಮುತ್ತ

ಎಫ್‌ಎಫ್‌ಟಿ ಅಂದರೆ ಸಿಗ್ನಲ್ಲನ್ನು ಅದರ ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ. ಅದನ್ನು ಮಾಡುವ ಎಫ್‌ಎಫ್‌ಟಿಡಬ್ಲ್ಯೂ ಲೈಬ್ರರಿ ಸ್ಕೇಲ್ ಮಾಡುವುದಿಲ್ಲ. ಮುಂದೆ ಹೋಗಿ ಹಿಂದೆ ಬಂದರೆ ಸಿಗ್ನಲ್ ಎನ್ ಪಟ್ಟು ದೊಡ್ಡದಾಗಿರುತ್ತದೆ, ಎನ್ ಅಂದರೆ ಎಫ್‌ಎಫ್‌ಟಿಯ ಗಾತ್ರ. ಪೈಥಾನ್‌ನ ನಂಪೈ ಹಿಂದೆ ಬರುವಾಗ ಎನ್‌ನಿಂದ ಭಾಗಿಸುತ್ತದೆ. ಪೈಥಾನ್‌ನಲ್ಲಿ ಮೊದಲು ಬರೆದು ಸಿ++ಗೆ ತಂದ ಕೋಡಿನಲ್ಲಿ 1024ರಿಂದ ಭಾಗಿಸುವ ಸಾಲು ಎಲ್ಲೋ ದೂರದಲ್ಲಿ ಸಿಗುತ್ತದೆ. ಗಾತ್ರವನ್ನು 2048 ಮಾಡಿದ ದಿನ ಎಲ್ಲ 6 ಡೆಸಿಬಲ್ ಮೇಲೆ. ಭಾಗಿಸುವುದನ್ನು ಎಫ್‌ಎಫ್‌ಟಿ ಪಕ್ಕಕ್ಕೇ ತನ್ನಿ, ಎನ್ ಅನ್ನು ಗಾತ್ರದಿಂದಲೇ ತೆಗೆದುಕೊಳ್ಳಿ.

ಕಾರಣವಿಲ್ಲದ ಗುಣಿಸು ಎರಡು ಕಂಡರೆ ವಿಂಡೋ ನೋಡಿ, ಅಂದರೆ ಎಫ್‌ಎಫ್‌ಟಿಗೆ ಮೊದಲು ಸ್ಯಾಂಪಲ್‌ಗಳನ್ನು ಗುಣಿಸುವ, ಅಂಚಿನ ಕಡೆ ಇಳಿಯುವ ಬೆಲೆಗಳ ಸಾಲು. ಹಾನ್ ವಿಂಡೋದ ಬೆಲೆಗಳ ಮೊತ್ತ ಎನ್‌ನ ಅರ್ಧ, ಹಾಗಾಗಿ ಟೋನ್ 6 ಡೆಸಿಬಲ್ ಇಳಿಯುತ್ತದೆ. ಎರಡರಿಂದ ಗುಣಿಸಿದ್ದು ಅದಕ್ಕೆ. ಟೋನ್‌ಗೆ ಅದು ಸರಿ, ನಾಯ್ಸ್ ಅಳೆಯಲು ಸರಿಯಲ್ಲ. ನಾಯ್ಸ್‌ಗೆ ವಿಂಡೋ ಬೆಲೆಗಳ ವರ್ಗಗಳ ಮೊತ್ತ ಬೇಕು. ಎರಡು ಬೇರೆ ಹೆಸರಿನ ಫಂಕ್ಷನ್ ಮಾಡಿಬಿಡಿ.

ಇನ್ನೆರಡು ಮಾತು. ಎಫ್‌ಎಫ್‌ಟಿಡಬ್ಲ್ಯೂನಲ್ಲಿ ಪ್ಲಾನ್ ಮಾಡುವಾಗ ಮೆಷರ್ ಆಯ್ಕೆ ಕೊಟ್ಟರೆ ಅದು ನಿಮ್ಮ ಅರೇಗಳ ಮೇಲೇ ಬರೆದು ಅಳೆಯುತ್ತದೆ. ಡೇಟಾ ತುಂಬಿ ಆಮೇಲೆ ಪ್ಲಾನ್ ಮಾಡಿದರೆ ಡೇಟಾ ಹೋಯಿತು. ಮೊದಲ ಫ್ರೇಮ್ ಎಸೆಯುವ ಹ್ಯಾಕ್ ಕಂಡರೆ ಇದನ್ನೇ ಅನುಮಾನಿಸಿ. ಎರಡನೆಯದು, ಪ್ಲಾನ್ ಓಡಿಸುವುದನ್ನು ಬೇರೆ ಬೇರೆ ಥ್ರೆಡ್‌ಗಳು ಒಟ್ಟಿಗೆ ಮಾಡಬಹುದು. ಪ್ಲಾನ್ ಸೃಷ್ಟಿಸುವುದನ್ನು ಹಾಗೆ ಮಾಡುವಂತಿಲ್ಲ, ಬೀಗ ಬೇಕು. ಆರಂಭದಲ್ಲಿ 200 ಮಿಲಿಸೆಕೆಂಡ್ ಸುಮ್ನೆ ಕಾಯುವ ಸಾಲಿದ್ದರೆ, ಆ ಬೀಗ ಹಾಕುವ ಬದಲು ಹಾಕಿದ ನಿದ್ದೆ ಇರಬಹುದು.

ಹುಚ್ಚು ಅನಿಸಿದರೂ ಇರಬೇಕಾದವು

ಫಿಲ್ಟರಿನ ಇನ್‌ಪುಟ್‌ಗೆ ಹತ್ತರ −20ನೇ ಘಾತವನ್ನು ಕೂಡಿಸುವ ಸಾಲು ಕಂಡಿದೆಯೇ? ಕೇಳಿಸದಷ್ಟು ಚಿಕ್ಕದು, ಯಾತಕ್ಕೂ ಬೇಡ ಅನಿಸುತ್ತದೆ. ಐಐಆರ್ ಫಿಲ್ಟರ್ ತನ್ನ ಔಟ್‌ಪುಟ್ಟನ್ನೇ ಮತ್ತೆ ತಿನ್ನುತ್ತದೆ. ಶಬ್ದ ನಿಂತಮೇಲೆ ಅದರ ಒಳಗಿನ ಬೆಲೆ ಸೊನ್ನೆಯ ಕಡೆ ಇಳಿಯುತ್ತ ಹೋಗುತ್ತದೆ. ಸುಮಾರು 1.18 ಗುಣಿಸು ಹತ್ತರ −38ನೇ ಘಾತಕ್ಕಿಂತ ಕೆಳಗೆ ಹೋದರೆ ಅದು ಡಿನಾರ್ಮಲ್ ಸಂಖ್ಯೆ. ಅನೇಕ ಪ್ರೊಸೆಸರ್‌ಗಳಲ್ಲಿ ಅದರ ಲೆಕ್ಕ ತುಂಬ ನಿಧಾನ. ಶಬ್ದ ಇರುವಾಗ ಹಾಯಾಗಿದ್ದ ಪ್ರೋಗ್ರಾಂ ಮೌನದಲ್ಲಿ ಸಿಪಿಯು ತಿನ್ನುತ್ತದೆ. ಶಬ್ದ, ಆಮೇಲೆ ಮೌನ ಎಂಬ ಸಾಕ್ಷಿ ಫೈಲ್ ಇದಕ್ಕೇ. ಔಟ್‌ಪುಟ್ ಹೋಲಿಕೆಯಲ್ಲಿ ಇದು ಸಿಗುವುದಿಲ್ಲ, ಸಮಯ ಅಳೆಯಿರಿ. ಪ್ರೊಸೆಸರ್‌ಗೆ ಡಿನಾರ್ಮಲ್‌ಗಳನ್ನು ಸೊನ್ನೆ ಮಾಡು ಎಂದು ಹೇಳುವ ಆಯ್ಕೆ ಇದ್ದರೆ ಆಡಿಯೋ ಥ್ರೆಡ್‌ನಲ್ಲಿ ಅದನ್ನು ಹಾಕಿ, ಆಮೇಲೆ ಆ ಸಾಲು ತೆಗೆಯಿರಿ. ಇಲ್ಲದಿದ್ದರೆ ಸಾಲು ಇರಲಿ, ಕಾಮೆಂಟ್ ಮಾತ್ರ ಸೇರಿಸಿ.

ಔಟ್‌ಪುಟ್ ನ್ಯಾನ್ (ಸಂಖ್ಯೆಯೇ ಅಲ್ಲದ ಉತ್ತರ) ಆದರೆ ಫಿಲ್ಟರ್ ರೀಸೆಟ್ ಮಾಡು ಎನ್ನುವುದು ಇನ್ನೊಂದು. ಐಐಆರ್ ಒಳಗೆ ಒಮ್ಮೆ ನ್ಯಾನ್ ಹೊಕ್ಕರೆ ತಾನಾಗಿ ಹೊರಗೆ ಬರುವುದಿಲ್ಲ, ಆದ್ದರಿಂದ ಹ್ಯಾಕ್‌ಗೆ ಅರ್ಥವಿದೆ. ಆದರೆ ನ್ಯಾನ್ ಬಂದದ್ದೆಲ್ಲಿಂದ? ಮೌನದಲ್ಲಿ ಸೊನ್ನೆಯಿಂದ ಸೊನ್ನೆಯನ್ನು ಭಾಗಿಸುವ ಗೇನ್ ಕಂಟ್ರೋಲ್ ಮೊದಲ ಅನುಮಾನ. ದೊಡ್ಡ ಆರ್ಡರ್‌ನ ಫಿಲ್ಟರನ್ನು ಒಂದೇ ತುಂಡಾಗಿ ಬರೆದಿರುವುದು ಎರಡನೆಯದು. ಅಂಥದ್ದನ್ನು ಎರಡನೇ ಆರ್ಡರ್‌ನ ತುಂಡುಗಳ ಸರಪಳಿ ಮಾಡಬೇಕು. ಸೈಪೈನಲ್ಲಿ ಫಿಲ್ಟರ್ ವಿನ್ಯಾಸ ಮಾಡುವಾಗಲೇ ಆ ರೂಪದಲ್ಲಿ ಕೇಳಬಹುದು. ಬಿಲ್ಡ್ ಫೈಲಿನಲ್ಲಿ ಫಾಸ್ಟ್ ಮ್ಯಾಥ್ ಆಯ್ಕೆ ಇದೆಯೇ ಎಂದೂ ನೋಡಿ. ನ್ಯಾನ್ ಬರುವುದೇ ಇಲ್ಲ ಎಂದು ಕಂಪೈಲರ್ ಅಲ್ಲಿ ನಂಬಿಬಿಡುತ್ತದೆ, ನ್ಯಾನ್ ಪರೀಕ್ಷಿಸುವ ಸಾಲನ್ನೇ ಹಾರಿಸಬಹುದು. ಹ್ಯಾಕ್ ಕಣ್ಣಿಗೆ ಕಾಣುತ್ತದೆ, ಕೆಲಸ ಮಾಡುವುದಿಲ್ಲ.

ವೇಗಕ್ಕಾಗಿ ಕೈಯಲ್ಲಿ ಬರೆದ ಸಿಮ್ಡ್ ಕೋಡ್ (ಒಂದೇ ಆಜ್ಞೆಯಲ್ಲಿ ಹಲವು ಸಂಖ್ಯೆಗಳ ಲೆಕ್ಕ ಮಾಡುವಂಥದ್ದು) ಇದ್ದರೆ ಅದನ್ನು ಅಂದಗೊಳಿಸಲು ಹೋಗಬೇಡಿ. ಪಕ್ಕದಲ್ಲಿ ಸಾದಾ ಲೂಪ್ ಒಂದನ್ನು ಬರೆದು, ಎರಡೂ ಒಂದೇ ಉತ್ತರ ಕೊಡುತ್ತವೆಯೇ ಎಂದು ಟೆಸ್ಟ್ ಹಾಕಿ. ಅದೇ ಕೆಲಸದ ಫಂಕ್ಷನ್ ಗ್ನೂ ರೇಡಿಯೋದವರ ವೋಲ್ಕ್ ಲೈಬ್ರರಿಯಲ್ಲಿ ಇದ್ದರೆ ಅದನ್ನೇ ಕರೆಯುವುದು ಮೇಲು. ಪರವಾನಗಿ ನಿಮ್ಮ ಪ್ರಾಜೆಕ್ಟ್‌ಗೆ ಹೊಂದುತ್ತದೆಯೇ ಎಂದು ಮಾತ್ರ ಮೊದಲು ನೋಡಿ.

ಕಳಿಸುವುದು

ಒಂದು ಹ್ಯಾಕ್, ಒಂದು ಪುಲ್ ರಿಕ್ವೆಸ್ಟ್. ಮೊದಲ ಕಮಿಟ್‌ನಲ್ಲಿ ಟೆಸ್ಟ್, ಎರಡನೆಯದರಲ್ಲಿ ತಿದ್ದುಪಡಿ. ಮೇಂಟೇನರ್ ಮೊದಲನೆಯದನ್ನು ಮಾತ್ರ ಓಡಿಸಿ, ಹೌದು ಇದು ಒಡೆದಿದೆ ಎಂದು ತಾವೇ ನೋಡಲಿ. ಮೆಸೇಜ್‌ನಲ್ಲಿ ಹಳೆಯ ಹ್ಯಾಕ್ ಯಾಕೆ ಬಂದಿತ್ತು ಎಂದು ಎರಡು ಸಾಲು ಬರೆಯಿರಿ. ಅದನ್ನು ಬರೆದವರು ಹೆಚ್ಚಾಗಿ ಅಲ್ಲೇ ಇರುತ್ತಾರೆ, ನಿಮ್ಮ ಪ್ಯಾಚ್ ನೋಡುವವರೂ ಅವರೇ ಆಗಿರಬಹುದು. "ಕೆಟ್ಟ ಕೋಡ್ ತೆಗೆದೆ" ಎಂದು ಬರೆದರೆ ಕೆಲಸ ಆಗುವುದಿಲ್ಲ. ಹಳೆಯ ಮತ್ತು ಹೊಸ ಔಟ್‌ಪುಟ್‌ನ ವ್ಯತ್ಯಾಸ ಎಷ್ಟು ಡೆಸಿಬಲ್ ಎಂಬುದನ್ನು ಹಾಕಿ. ಸ್ಪೆಕ್ಟ್ರಮ್‌ನ ಎರಡು ಚಿತ್ರ ಹಾಕಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಲೆವೆಲ್ ಬದಲಾಗುವ ತಿದ್ದುಪಡಿಗೆ ಮಾತ್ರ ವಿಶೇಷ ಜಾಗ್ರತೆ ಬೇಕು. ನೀವು ಎಫ್‌ಎಫ್‌ಟಿ ಸ್ಕೇಲ್ ಸರಿ ಮಾಡಿದಿರಿ, ಎಲ್ಲವೂ 6 ಡೆಸಿಬಲ್ ಕೆಳಗೆ ಬಂತು, ಗಣಿತ ಸರಿಯಾಯಿತು. ಆದರೆ ಬಳಸುವವರು ಸ್ಕ್ವೆಲ್ಚನ್ನು (ಸಿಗ್ನಲ್ ಇದಕ್ಕಿಂತ ಕೆಳಗಿದ್ದರೆ ಆಡಿಯೋ ಮುಚ್ಚು ಎಂಬ ಮಿತಿಯನ್ನು) ಹಳೆಯ ತಪ್ಪು ಲೆವೆಲ್‌ಗೆ ಹೊಂದಿಸಿಕೊಂಡಿರುತ್ತಾರೆ. ಅಪ್‌ಡೇಟ್ ಹಾಕಿದ ಕೂಡಲೇ ಅವರ ರಿಸೀವರ್ ಬಾಯಿ ಮುಚ್ಚುತ್ತದೆ, ಯಾವ ಎರರ್ ಮೆಸೇಜೂ ಬರುವುದಿಲ್ಲ. ಇಂಥದ್ದನ್ನು ರಿಲೀಸ್ ನೋಟ್‌ನ ಮೊದಲ ಸಾಲಿನಲ್ಲೇ ಬರೆಯಿರಿ, ಎಷ್ಟು ಡೆಸಿಬಲ್, ಯಾವ ದಿಕ್ಕಿಗೆ ಎಂದು ಹೇಳಿ. ಸಾಧ್ಯವಾದರೆ ಹಳೆಯ ಕಾನ್ಫಿಗ್ ಫೈಲ್ ಓದುವಾಗ ಅದರ ಆವೃತ್ತಿ ನೋಡಿ ಸ್ಕ್ವೆಲ್ಚ್ ಬೆಲೆಯಿಂದ ಆ 6ನ್ನು ಪ್ರೋಗ್ರಾಮೇ ಕಳೆದುಬಿಡುವುದು ಇನ್ನೂ ಒಳ್ಳೆಯದು. ಆ ಸಾಲಿನ ಮೇಲೆ ಕಾಮೆಂಟ್ ಬರೆಯಲು ಮರೆಯಬೇಡಿ. ಎರಡು ವರ್ಷದ ಮೇಲೆ ಬಂದವರಿಗೆ ಅದೂ ಹ್ಯಾಕ್ ಹಾಗೇ ಕಾಣುತ್ತದೆ.